ಎದುರುಮನೆಯ ಕ್ಯಾಸಿನೊ

ನಮ್ಮ ಸೋದರತ್ತೆಯನ್ನು ಅಮೆರಿಕ ದೇಶ ಯಾವ ಧೈರ್ಯದ ಮೇಲೆ ತನ್ನ ಪ್ರಜೆಯನ್ನಾಗಿ ಮಾಡಿಕೊಂಡಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಮಾಡಿಕೊಂಡ ಮೇಲೆ ಕೈಕೈ ಹಿಸುಕಿಕೊಂಡಿರಬೇಕು. ಇಡೀ ದೇಶದ ಮಾತು ಬಿಡಿ, ನಮ್ಮೂರಿನ ಸಿಟಿ ಕೌನ್ಸಿಲ್ ಅಂತೂ ಹಿಸುಕಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ!

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ವಯಸ್ಸು ಎಪ್ಪತ್ತೆಂಟು. ದನಿ ಮಾತ್ರ ಇನ್ನೂ ಪ್ರಾರ್ಥನೆಗೆ ನಿಂತ ಕೊನೆಯ ಸಾಲಿನ ಹುಡುಗಿಗೂ ಕೇಳಿಸುವಷ್ಟಿದೆ. ಸ್ವಂತ ಮಗಳು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದಾಳೆ. ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡವಳೂ ಅವಳೇ. ಮೂರು ವರ್ಷದ ಹಿಂದೆ "ಒಂದು ವಾರ ಇದ್ದು ಬರ್ತೀನಿ" ಅಂತ ಡಲ್ಲಾಸ್ ಬಳಿ, ಕಾಪೆಲ್ ಪಕ್ಕದ ನಮ್ಮ ಪುಟ್ಟ ಊರಿಗೆ ಬಂದ ಅತ್ತೆ ಇನ್ನೂ ಹಿಂದಿರುಗಿಲ್ಲ. "ಅಮ್ಮನ್ನ ಯಾವಾಗ ಕಳಿಸ್ತೀಯಾ?" ಅಂತ ಮಗಳು ಒಂದು ಸಲವೂ ಕೇಳಿಲ್ಲ. ನಾನಾಗಿಯೇ ಆ ವಿಷಯ ಎತ್ತಿದರೆ ಅವಳ ಫೋನಿನ ಸಿಗ್ನಲ್ ಹೋಗಿಬಿಡುತ್ತದೆ.

ಪೌರತ್ವದ ಸಂದರ್ಶನದ ದಿನ ಅಧಿಕಾರಿ ಆರು ಪ್ರಶ್ನೆ ಕೇಳಿದನಂತೆ. ಆರಕ್ಕೂ ಸರಿಯುತ್ತರ ಬಂದದ್ದು ನೋಡಿ "ಸಾಕು, ನೀವು ಪಾಸು" ಅಂದನಂತೆ. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. "ಸಾಕು ಅಂದ್ರೆ ಏನಪ್ಪಾ? ನಾನು ನೂರೂ ಓದ್ಕೊಂಡು ಬಂದಿದೀನಿ. ಮಿಕ್ಕ ತೊಂಬತ್ನಾಲ್ಕು ಯಾರು ಕೇಳ್ತಾರೆ?" ಪಾಪ, ಅವನು ಊಟದ ಹೊತ್ತಾಯಿತು ಅಂತ ತಪ್ಪಿಸಿಕೊಂಡನಂತೆ. ಆ ತೊಂಬತ್ತನಾಲ್ಕು ಪ್ರಶ್ನೆಗಳನ್ನು ಈಗ ನಮ್ಮ ಮನೆಗೆ ಬಂದವರೆಲ್ಲ ಎದುರಿಸಬೇಕು. ಡಲ್ಲಾಸಿನಲ್ಲೇ ಹುಟ್ಟಿದ ನನ್ನ ಮಗಳು ಫೇಲು. ನಾನಂತೂ ಕೊಳಾಯಿ ರಿಪೇರಿಗೆ ಬಂದವನಿಗಿಂತ ಕಮ್ಮಿ ಮಾರ್ಕ್ಸ್ ತೆಗೆದವನು.

ಇನ್ನು ನಮ್ಮ ಬಡಾವಣೆಯ ಸಂಘ. ಮನೆ ಮುಂದಿನ ಹುಲ್ಲು ಎರಡು ಬೆರಳು ಎತ್ತರ ಬೆಳೆದರೂ ಕಾಗದ ಬರೆಯುವ ಸಂಘ ಅದು. ಅತ್ತೆ ಬಾಗಿಲ ಮುಂದೆ ರಂಗೋಲಿ ಹಾಕಿದ್ದಕ್ಕೆ ಒಂದು ನೋಟಿಸು ಬಂತು. ನಾನಾಗಿದ್ದರೆ ಹೆದರಿ ಅವತ್ತೇ ಪೊರಕೆ ಹಿಡಿಯುತ್ತಿದ್ದೆ. ಅತ್ತೆ ಕೂತು ಅದರಲ್ಲಿದ್ದ ನಾಲ್ಕು ವ್ಯಾಕರಣದ ತಪ್ಪುಗಳನ್ನು ತಿದ್ದಿದರು, ಹತ್ತಕ್ಕೆ ಐದು ಅಂತ ಮಾರ್ಕ್ಸ್ ಹಾಕಿದರು, "ವಿಷಯ ಅಸ್ಪಷ್ಟ, ಇನ್ನೊಮ್ಮೆ ಬರೆಯಿರಿ" ಅಂತ ಷರಾ ಬರೆದು ವಾಪಸ್ ಕಳಿಸಿದರು. ಸಂಘದವರು ಇನ್ನೊಮ್ಮೆ ಬರೆದು ಕಳಿಸಿದರು ಸ್ವಾಮಿ! ಈ ಸಲ ಒಂದೂ ತಪ್ಪಿರಲಿಲ್ಲ. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ರಂಗೋಲಿಯನ್ನು ತಾವಾಗಿಯೇ ಸ್ವಲ್ಪ ಚಿಕ್ಕದು ಮಾಡಿದರು.

ಇಂಥ ಅತ್ತೆಗೆ ಸಿಟಿ ಕೌನ್ಸಿಲ್ಲಿನ ಸಾರ್ವಜನಿಕ ಸಭೆ ಅಂದರೆ ಪ್ರಾಣ. ಅಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಮೂರು ನಿಮಿಷ ಮಾತಾಡಬಹುದು. ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. "ಇಪ್ಪತ್ತು ವರ್ಷ ಸ್ಟಾಫ್ ಮೀಟಿಂಗ್ ಮಾಡಿದೀನಿ, ಒಂದು ಸಲಾನೂ ಇಂಥ ಸುಖ ಸಿಕ್ಕಿರ್ಲಿಲ್ಲ ಕಣೋ" ಅನ್ನುತ್ತಾರೆ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟುಕೊಂಡೇ ಅಭ್ಯಾಸ. ಅದು ಕೂಗುವಷ್ಟರಲ್ಲಿ ಭಾಷಣ ಮುಗಿಯಬೇಕು. ಕೆರೆಯ ಬಾತುಕೋಳಿಗಳ ಬಗ್ಗೆ ಮಾತಾಡಿದ ವಾರ ನಾವು ಮೂರು ಹೊತ್ತೂ ಮುದ್ದೆಯಾದ ಅನ್ನ ತಿಂದೆವು.

ಹೀಗಿರುವಾಗ ಊರಿಗೆ ಕ್ಯಾಸಿನೊ ಬರುವ ಸುದ್ದಿ ಬಂತು.

ನಮ್ಮ ಟೆಕ್ಸಸ್‌ನಲ್ಲಿ ಕ್ಯಾಸಿನೊ ನಡೆಸಲು ಕಾನೂನೇ ಒಪ್ಪುವುದಿಲ್ಲ. ರಾಜಧಾನಿ ಆಸ್ಟಿನ್‌ನಲ್ಲಿ ಕೂತ ಶಾಸಕರು ಕಾನೂನು ಬದಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಒಂದು ಕಂಪನಿ ಬಂದು, "ನಾಳೆ ಕಾನೂನು ಬಂದರೆ ಎಲ್ಲಿ ಕಟ್ಟೋಣ, ಜಾಗ ಈಗಲೇ ಗುರುತು ಮಾಡಿಕೊಡಿ" ಅಂತ ಕೌನ್ಸಿಲ್ಲಿಗೆ ಅರ್ಜಿ ಹಾಕಿತು. ಕೂಸು ಹುಟ್ಟುವ ಮುಂಚೆ ಕುಲಾವಿ! ಮೂರು ಜಾಗಗಳನ್ನು ತೋರಿಸಿದ್ದರು. ದೇವಸ್ಥಾನದ ಪಕ್ಕದ ಮುಚ್ಚಿಹೋದ ಮಾಲ್ ಒಂದು. ವಿಮಾನ ನಿಲ್ದಾಣದ ಕಡೆಯ ಹೆದ್ದಾರಿಯ ಅಂಚು ಇನ್ನೊಂದು. ನಮ್ಮ ಬಡಾವಣೆಯ ಎದುರಿಗೇ, ರಸ್ತೆಯ ಆಚೆ, ಮೂರು ಹಸು ಮೇಯುವ ಬಯಲು ಮತ್ತೊಂದು. ಕೌನ್ಸಿಲ್ ಸಾರ್ವಜನಿಕ ಸಭೆ ಕರೆದು, "ಎಲ್ಲಿ? ನೀವೇ ಹೇಳಿ" ಅಂತ ಕೇಳಿತು.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಹ್ಯೂಸ್ಟನ್‌ನವರಿಗೆ ಆಡಬೇಕೆನಿಸಿದರೆ ಗಡಿ ದಾಟಿ ಲೂಸಿಯಾನಾ ಇದೆ. ಡಲ್ಲಾಸಿನವರಿಗೆ ಓಕ್ಲಹೋಮಾ ಇದೆ. ಆಸ್ಟಿನ್‌ನವರಿಗೆ ಮಾತ್ರ ಪಾಪ ಎರಡೂ ದೂರ, ಅದಕ್ಕೇ ಅವರು ಗಿಟಾರ್ ಕಲಿಯುತ್ತಾರೆ. ಇದೆಲ್ಲ ನನಗೆ ಹೇಗೆ ಗೊತ್ತು? ತಿಂಗಳಿಗೊಂದು ಶನಿವಾರ "ಕ್ರಿಕೆಟ್ ಮ್ಯಾಚ್ ಇದೆ" ಅಂತ ಬಿಳಿ ಪ್ಯಾಂಟು ಹಾಕಿಕೊಂಡು ನಾನು ಹೋಗುತ್ತಿದ್ದದ್ದು ಓಕ್ಲಹೋಮಾಕ್ಕೆ! ನನ್ನ ಹೊಟ್ಟೆ ನೋಡಿದ ಯಾರೂ ನಾನು ರನ್ ಓಡುತ್ತೇನೆ ಅಂತ ನಂಬಲಾರರು. ನನ್ನ ಹೆಂಡತಿ ನಂಬಿದ್ದಳು. ನಾನೇನು ದೊಡ್ಡ ಜೂಜುಗಾರ ಅಂದುಕೊಳ್ಳಬೇಡಿ. ಅದಕ್ಕೂ ಒಂದು ಗಂಡೆದೆ ಬೇಕು. ಚಿಲ್ಲರೆ ಕಾಸು ಹಾಕಿ ಆಡುವ ಮಿಷನ್ ಮುಂದೆ ಕೂತು ಗುಂಡಿ ಒತ್ತುತ್ತಿದ್ದೆ, ಅಷ್ಟೆ. ಆಫೀಸಿನಲ್ಲಿ ಹದಿನಾರು ಜನರನ್ನು "ಯಾವಾಗ ಮುಗಿಯುತ್ತೆ?" ಅಂತ ಕೇಳುವುದು ನನ್ನ ಕೆಲಸ. ನನ್ನನ್ನು ಹದಿನೇಳು ಜನ ಕೇಳುತ್ತಾರೆ. ಆ ಮಿಷನ್ ಮಾತ್ರ ಏನನ್ನೂ ಕೇಳುವುದಿಲ್ಲ.

ಆದ್ದರಿಂದ ಎದುರಿನ ಬಯಲಿಗೆ ಕ್ಯಾಸಿನೊ ಬರುತ್ತದೆ ಅಂದಾಗ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ನಾನು. ಮಿಕ್ಕವರಿಗೆ ಮಕ್ಕಳ ಚಿಂತೆ, ಮನೆ ಬೆಲೆಯ ಚಿಂತೆ. ನನಗೆ? ಇಷ್ಟು ಹತ್ತಿರ ಬಂದುಬಿಟ್ಟರೆ ಕದ್ದು ಹೋಗುವುದು ಹೇಗೆ ಅನ್ನುವ ಚಿಂತೆ!

ಬಡಾವಣೆಯ ಕ್ಲಬ್‌ಹೌಸಿನಲ್ಲಿ ಹೋರಾಟ ಸಮಿತಿಯ ಸಭೆ ಸೇರಿತು. ಅಧ್ಯಕ್ಷರು ಹುಬ್ಬಳ್ಳಿ ಕಡೆಯವರು, ಗಟ್ಟಿ ಆಳು. "ನೋಡ್ರಿ, ಗುಡಿ ಬಾಜೂ ಬ್ಯಾಡ, ಸಾಲಿ ಬಾಜೂ ಬ್ಯಾಡ, ನಮ್ಮ ಮನಿ ಮುಂದಂತೂ ಬ್ಯಾಡೇ ಬ್ಯಾಡ. ಒಟ್ಟ ಎಲ್ಲೂ ಬ್ಯಾಡ್ರಿ!" ಅಂದರು. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ ಕೈ ಎತ್ತಿದರು.

"ಹಾಗಾದ್ರೆ ಎಲ್ಲಿ ಕಟ್ಟಬೇಕು?"

"ಅದು ನಮ್ಮ ತಲಿಬ್ಯಾನಿ ಅಲ್ರೀ ಅಮ್ಮಾರ."

"ಅಲ್ಲಪ್ಪಾ, ಪ್ರಶ್ನೆಪತ್ರಿಕೇಲಿ ಕೇಳಿರೋದೇ 'ಎಲ್ಲಿ' ಅಂತ. ನೀವೆಲ್ಲ 'ಬೇಡ' ಅಂತ ಉತ್ತರ ಬರೀತಿದೀರ. ಪ್ರಶ್ನೆ ಓದದೆ ಉತ್ತರ ಬರೆದ್ರೆ ನಾನಾದ್ರೆ ಸೊನ್ನೆ ಕೊಡ್ತೀನಿ."

ಅಧ್ಯಕ್ಷರು ಬೆವರು ಒರೆಸಿಕೊಂಡು, "ಇರಲಿ, ಸಭಾದಾಗ ನಮ್ಮ ಪರವಾಗಿ ಯಾರು ಮಾತಾಡ್ತೀರಿ?" ಅಂತ ವಿಷಯ ಬದಲಿಸಿದರು. ಆಗ ನೋಡಬೇಕಿತ್ತು! ಒಬ್ಬೊಬ್ಬರಿಗೂ ಅವತ್ತೇ ಕ್ಲೈಂಟ್ ಕಾಲ್. ನಾನೂ ಅದನ್ನೇ ಹೇಳಬೇಕೆಂದಿದ್ದೆ, ಆದರೆ ಬಾಯಿ ತುಂಬ ಅತ್ತೆಯ ಚಕ್ಕುಲಿ ಇತ್ತು. ಅದನ್ನು ಅಗಿದು ನುಂಗಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಸರಿಗೆ ಚಪ್ಪಾಳೆ ಬಿದ್ದುಹೋಗಿತ್ತು. ಹೀಗೆ ಓಕ್ಲಹೋಮಾದ ಗಿರಾಕಿಯೇ ಜೂಜುವಿರೋಧಿ ಚಳವಳಿಯ ನಾಯಕನಾದ. ಬೆಕ್ಕು ಹಾಲಿನ ಕಾವಲಿಗೆ ಕೂತ ಹಾಗೆ!

ಮರುದಿನದಿಂದ ಅತ್ತೆಯ ಸ್ಥಳ ಪರಿಶೀಲನೆ ಶುರು. ಕಾರು ಓಡಿಸುವವನು ನಾನು. ಮೊದಲು ದೇವಸ್ಥಾನದ ಪಕ್ಕದ ಮಾಲ್. ಅತ್ತೆ ಕೊಡೆ ಊರಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಜ್ಜೆ ಎಣಿಸಿದರು. ಆಮೇಲೆ ದೇವಸ್ಥಾನದ ಒಳಗೆ ಹೋಗಿ ಅರ್ಚಕರನ್ನು, "ಇಲ್ಲಿ ಕ್ಯಾಸಿನೊ ಬಂದ್ರೆ ನಿಮ್ಮ ಅಭಿಪ್ರಾಯ ಏನು?" ಅಂತ ಕೇಳಿದರು. ಅರ್ಚಕರು ಕಣ್ಣು ಮುಚ್ಚಿ "ಶಿವ ಶಿವಾ" ಅಂದರು. ನನಗೆ ಮನಸ್ಸು ತುಂಬಿ ಬಂತು. ಆಮೇಲೆ ಅವರು ಒಂದು ಕಣ್ಣು ತೆರೆದು, "ಯುಗಾದಿ ದಿನ ನಮ್ಮವರಿಗೆ ಪಾರ್ಕಿಂಗ್ ಬಿಡ್ತಾರಾ, ವಿಚಾರಿಸಿದೀರಾ?" ಅಂದರು.

ಹೆದ್ದಾರಿಯ ಅಂಚನ್ನು ಅತ್ತೆ ಕಾರಿನಿಂದ ಇಳಿಯದೆಯೇ ತಳ್ಳಿಹಾಕಿದರು. "ಇದು ದಾರಿಹೋಕರ ಜಾಗ. ಇಲ್ಲಿ ಯಾರು ಬಂದ್ರು, ಯಾರು ಹೋದ್ರು ಅಂತ ಯಾರಿಗೆ ಗೊತ್ತಾಗತ್ತೆ?" ಅಲ್ಲೇ ಅದರ ಅನುಕೂಲ ಇರುವುದು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡೆ.

ಮೂರನೆಯದು ಮನೆಯ ಎದುರಿನ ಬಯಲು. ಬೇಲಿಯ ತಂತಿ ಸಡಿಲವಾದ ಕಡೆ ಸೀರೆ ಎತ್ತಿಕಟ್ಟಿ ಅತ್ತೆ ನುಸುಳಿಯೇಬಿಟ್ಟರು! ನಾನು ರಸ್ತೆಯ ಬದಿಯಲ್ಲಿ ನಿಂತು "ಅತ್ತೇ, ಅದು ಬೇರೆಯವರ ಜಾಗ! ಟೆಕ್ಸಸ್ ಅತ್ತೇ! ಗುಂಡು ಹಾರಿಸ್ತಾರೆ ಅತ್ತೇ!" ಅಂತ ಪಿಸುದನಿಯಲ್ಲಿ ಕೂಗುತ್ತಿದ್ದೆ. ಅವರು ಮಾರುದ್ದ ಕೊಂಬಿನ ಹಸುವಿನ ಗಂಗೆದೊಗಲು ತುರಿಸುತ್ತಾ, "ನೀನು ಸುಮ್ನಿರೋ, ಇದು ಒಂದು ಮಾತೂ ಆಡ್ತಿಲ್ಲ" ಅಂದರು.

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಅಧಿಕಾರಿ ಇಳಿದು, ಬಯಲಿನಲ್ಲಿ ಕೊಡೆ ಹಿಡಿದು ನಿಂತ ಅತ್ತೆಯನ್ನು ನೋಡಿ, ನನ್ನನ್ನು ನೋಡಿ, "ಅವರು ನಿಮ್ಮ ಜೊತೆ ಬಂದವರಾ ಸರ್?" ಅಂತ ಕೇಳಿದ. ಹೇಳಲು ನಾಚಿಕೆಯಾಗುತ್ತದೆ, ನಾನು ಒಂದು ಕ್ಷಣ ಯೋಚಿಸಿದೆ. ಉತ್ತರ ಕೊಟ್ಟದ್ದು ಅತ್ತೆ. "ಹೌದು, ನನ್ನ ತಮ್ಮನ ಮಗ. ಸ್ವಲ್ಪ ಪುಕ್ಕಲು!" ಅಂತ ಇಂಗ್ಲಿಷಿನಲ್ಲಿ ಅಲ್ಲಿಂದಲೇ ಕೂಗಿದರು. ಐದು ನಿಮಿಷದಲ್ಲಿ ಆ ಪೊಲೀಸಿನವನು ತಂತಿ ಎತ್ತಿ ಹಿಡಿದು ಅವರನ್ನು ಈಚೆ ಕರೆತಂದ. ಹತ್ತು ನಿಮಿಷದಲ್ಲಿ ಸಂವಿಧಾನದ ಎರಡು ಪ್ರಶ್ನೆಗೆ ಉತ್ತರಿಸಿದ. ಕೊನೆಗೆ ಅತ್ತೆ, "ನೀನಾದ್ರೆ ಕ್ಯಾಸಿನೊ ಎಲ್ಲಿ ಕಟ್ಟಿಸ್ತೀಯಪ್ಪಾ?" ಅಂತ ಕೇಳಿದರು. ಅವನು ಟೋಪಿ ಸರಿ ಮಾಡಿಕೊಂಡು, "ನನ್ನ ಕಣ್ಣಿಗೆ ಬೀಳೋ ಕಡೆ ಅಮ್ಮಾ. ಕಾಣದೆ ಇರೋದೇ ಕಷ್ಟ ಕೊಡೋದು" ಅಂದ. ಅತ್ತೆ ಅವನ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, "ನೋಡು, ಇವನು ಪ್ರಶ್ನೆ ಓದಿದಾನೆ" ಅಂದರು.

ಮನೆಗೆ ಬಂದ ಮೇಲೆ ಒಗೆದ ಬಟ್ಟೆ ಮಡಿಸುತ್ತಾ ಅತ್ತೆ ನನ್ನ ಬಿಳಿ ಪ್ಯಾಂಟನ್ನು ಎತ್ತಿ ಹಿಡಿದು ನೋಡಿದರು.

"ನಿನ್ನ ಕ್ರಿಕೆಟ್ಟು ಎಲ್ಲಿ ನಡೆಯತ್ತೋ?"

"ಉತ್ತರಕ್ಕೆ ಅತ್ತೆ... ಸ್ವಲ್ಪ ದೂರ."

"ಅಲ್ಲಾ, ಒಗೆಯೋಕೆ ಮುಂಚೇನೂ ಹುಲ್ಲಿನ ಕಲೆ ಇರಲ್ಲ, ಮಣ್ಣಿರಲ್ಲ. ಬರೀ ಸಿಗರೇಟು ವಾಸನೆ ಇರತ್ತೆ."

"ಅದು... ಅಂಪೈರ್ ಸೇದ್ತಾರೆ ಅತ್ತೆ."

"ಓಹೋ" ಅಂದ ಅತ್ತೆ ಪ್ಯಾಂಟನ್ನು ಗೆರೆ ಸಮೇತ ನೀಟಾಗಿ ಮಡಿಸಿಟ್ಟರು. ಆ "ಓಹೋ" ಇದೆಯಲ್ಲ, ಅದರ ಮುಂದೆ ಪೊಲೀಸಿನವನ ಪಿಸ್ತೂಲು ಏನೇನೂ ಅಲ್ಲ!

ಸಭೆಯ ಸಂಜೆ ಬಂತು. ಸಿಟಿ ಹಾಲ್ ತುಂಬಿತ್ತು. ಹೆಂಡತಿ ಆಫೀಸಿನಿಂದ ನೇರವಾಗಿ ತನ್ನ ಕಾರಿನಲ್ಲಿ, ದಾರಿಯಲ್ಲಿ ಮಗಳನ್ನೂ ಹತ್ತಿಸಿಕೊಂಡು ಬಂದಿದ್ದಳು, ನನ್ನ ಭಾಷಣ ಕೇಳಲು! ಹನ್ನೆರಡು ವರ್ಷದಿಂದ ಅವಳು ನನ್ನ ಮಾತು ಇಷ್ಟು ಆಸೆಯಿಂದ ಕೇಳಲು ಬಂದದ್ದು ಇದೇ ಮೊದಲು. ವೇದಿಕೆಯ ಮೇಲೆ ಮೇಯರಮ್ಮ, ಸದಸ್ಯರು. ಒಂದು ಬದಿಯಲ್ಲಿ ಕಂಪನಿಯ ವಕೀಲ, ಅವನ ಕೈಯಲ್ಲಿ ಬಣ್ಣಬಣ್ಣದ ಚಿತ್ರಪಟ.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತೆ. ಬರೆದುಕೊಂಡು ಬಂದ ಕಾಗದ ಹೊರಗೆ ತೆಗೆದು ನೋಡಿದರೆ ಅದು ದಿನಸಿ ಚೀಟಿ! ಭಾಷಣ ಆಫೀಸಿನ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಮೂರು ನಿಮಿಷ ಶುರುವಾಯಿತೆಂದು ಹಸಿರು ದೀಪ ಹತ್ತಿತು. ಏನಾದರೂ ಹೇಳಲೇಬೇಕಲ್ಲ? ಬಾಯಿಗೆ ಬಂದದ್ದು ಹೇಳತೊಡಗಿದೆ.

"ಮಾನ್ಯರೇ, ಕ್ಯಾಸಿನೊ ಅನ್ನೋದು ಬಹಳ ಕೆಟ್ಟ ಜಾಗ. ಒಳಗೆ ಒಂದು ಗಡಿಯಾರ ಇರೋದಿಲ್ಲ. ಒಂದು ಕಿಟಕಿ ಇರೋದಿಲ್ಲ. ಹೊರಗೆ ಬೆಳಗೋ ಸಂಜೆಯೋ ಗೊತ್ತಾಗೋದಿಲ್ಲ." ಜನ ತಲೆದೂಗಿದರು. ನನಗೆ ಹುರುಪು ಬಂತು. ಆ ಹುರುಪೇ ನನ್ನನ್ನು ಮುಳುಗಿಸಿದ್ದು. "ನೆಲಹಾಸಿನ ಚಿತ್ತಾರ ನೋಡಿದ್ರೆ ತಲೆ ತಿರುಗತ್ತೆ. ಶನಿವಾರ ಬಫೆ ಸಾಲು ಎಷ್ಟು ಉದ್ದ ಅಂತೀರಿ! ಉತ್ತರದ ಬಾಗಿಲಿನ ಕಡೆ ಕಾರು ನಿಲ್ಲಿಸಿದ್ರೆ ನಡೆಯೋದು ಕಮ್ಮಿ. ಆದ್ರೆ ಆ ಕಡೆಯ ಮಿಷನ್‌ಗಳು ಮಾತ್ರ ಏನೂ ಕೊಡೋದಿಲ್ಲ, ಕಂಬದ ಪಕ್ಕದ್ದು ಸ್ವಲ್ಪ ವಾಸಿ..."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ಯಾರೋ. ಮೇಯರಮ್ಮ ಕನ್ನಡಕ ಇಳಿಸಿ, "ತಾವು ವಿಷಯವನ್ನು ಬಹಳ ಆಳವಾಗಿ ಅಭ್ಯಾಸ ಮಾಡಿದ್ದೀರಿ ಸರ್" ಅಂದರು. ಇಡೀ ಹಾಲ್ ಗೊಳ್ಳೆಂದಿತು. ನಮ್ಮ ಅಧ್ಯಕ್ಷರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು. ಮೂರು ನಿಮಿಷದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಆ ನಿಮಿಷ ನಾನು ಸುಮ್ಮನೆ ನಿಂತೇ ಕಳೆದೆ. ಬಂದು ಕೂತಾಗ ಮಗಳು ಬಗ್ಗಿ, "ಡ್ಯಾಡ್... ಸೋ, ನೋ ಕ್ರಿಕೆಟ್?" ಅಂದಳು.

ನನ್ನ ಹಿಂದೆಯೇ ಅತ್ತೆಯ ಸರದಿ. ಅವರು ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಿ, ಮೈಸೂರಿನ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು.

"ಕಟ್ಟೋದೇ ಆದ್ರೆ ನಮ್ಮ ಮನೆ ಎದುರಿಗೇ ಕಟ್ಟಿ."

ಹಾಲ್ ಬೆಪ್ಪಾಯಿತು. ಇಡೀ ಸಂಜೆಯಲ್ಲಿ ತನ್ನ ಪರ ಒಂದು ಮಾತು ಕೇಳದಿದ್ದ ಕಂಪನಿಯ ವಕೀಲನ ಮುಖ ಅರಳಿ ಮೊರದಗಲ ಆಯಿತು. ಅವನು ಎದ್ದು ಅತ್ತೆಗೆ ಕೈಮುಗಿಯುವುದೊಂದು ಬಾಕಿ!

"ನಾನು ದಿನಾ ನಾಲ್ಕರಿಂದ ಏಳರವರೆಗೆ ಮನೆ ಮುಂದೆ ಕೂತಿರ್ತೀನಿ," ಅತ್ತೆ ಮುಂದುವರಿಸಿದರು. "ಯಾರು ಒಳಗೆ ಹೋದ್ರು, ಎಷ್ಟು ಹೊತ್ತಾಯ್ತು, ಇನ್ನೂ ಯಾಕೆ ಬಂದಿಲ್ಲ, ಎಲ್ಲಾ ನೋಡ್ತೀನಿ. ರಸ್ತೆ ಕಡೆಗೆ ದೊಡ್ಡದಾಗಿ ಕಿಟಕಿ ಇಡಬೇಕು. ಒಳಗೆ ಗೋಡೆ ಗೋಡೆಗೂ ಗಡಿಯಾರ ಇರಬೇಕು. ಬಾಗಿಲಲ್ಲಿ ಒಂದು ರಿಜಿಸ್ಟರ್ ಇರಬೇಕು, ಬಂದವರು ಹೆಸರು, ಮನೆ ಫೋನ್ ನಂಬರ್ ಬರೆದೇ ಒಳಗೆ ಹೋಗಬೇಕು. ಊಟದ ಹೊತ್ತಿಗೆ ಬರದೇ ಇದ್ರೆ ನಾನೇ ಹೋಗಿ ಕರೀತೀನಿ."

ವಕೀಲನ ಮುಖ ಮೊರದಿಂದ ತಟ್ಟೆಯಾಗಿ, ತಟ್ಟೆಯಿಂದ ಬಟ್ಟಲಾಯಿತು. ಇಂಥ ಬೆಂಬಲ ಸಿಕ್ಕರೆ ಅವನ ಕಂಪನಿ ಒಂದೇ ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತಿತ್ತು. ನಮ್ಮ ಅಧ್ಯಕ್ಷರು ಎದ್ದು ನಿಂತು "ಅಮ್ಮಾರ, ನೀವು ಯಾರ ಕಡೆ ಅದೀರಿ?" ಅಂತ ಕೂಗಿದರು. ಅತ್ತೆ ತಿರುಗಿ, "ನಡುವೆ ಬಾಯಿ ಹಾಕಬಾರದು, ಇನ್ನೂ ಹತ್ತು ಸೆಕೆಂಡ್ ಇದೆ" ಅಂದರು. ಮೇಯರಮ್ಮ ಸುತ್ತಿಗೆ ಬಡಿದು ಅಧ್ಯಕ್ಷರನ್ನು ಕೂರಿಸಿದರು.

ಕೌನ್ಸಿಲ್ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಆಸ್ಟಿನ್‌ನಲ್ಲಿ ಕಾನೂನೂ ಬದಲಾಗಲಿಲ್ಲ. ಹಸುಗಳು ಇವತ್ತಿಗೂ ಅಲ್ಲೇ ಮೇಯುತ್ತಿವೆ.

ಅವತ್ತು ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ಕಾರಿನಲ್ಲಿ ಹೊರಟುಹೋದಳು. ನಾನೂ ಅತ್ತೆಯೂ ನನ್ನ ಕಾರಿಗೆ ಬಂದು ಕೂತೆವು. ಏಳು ಗಂಟೆಯಾದರೂ ಟೆಕ್ಸಸ್ಸಿನ ಬಿಸಿಲು ಗಾಜಿಗೆ ಹೊಡೆಯುತ್ತಿತ್ತು. ಗಂಡಸಿನ ಸಿಟ್ಟು ಯಾವಾಗಲೂ ತನ್ನ ತಪ್ಪಿನ ಮೇಲೆ ಬರುವುದಿಲ್ಲವಲ್ಲ, ಪಕ್ಕದಲ್ಲಿದ್ದವರ ಮೇಲೆ ಬರುತ್ತದೆ.

"ಅತ್ತೆ, ನಿಮಗೆ ಮೊದಲೇ ಗೊತ್ತಿತ್ತು. ಬೇಕು ಅಂತಲೇ ಎಲ್ಲರೆದುರಿಗೆ ನನ್ನ ಮರ್ಯಾದೆ ತೆಗೆದ್ರಿ!"

"ನಿನ್ನ ಮರ್ಯಾದೆ ನೀನೇ ತೆಕ್ಕೊಂಡೆ ಕಣೋ. ನನ್ನ ಸರದಿ ಬಂದಿದ್ದು ಆಮೇಲೆ."

"ಹಾಗಾದ್ರೆ ಎದುರುಮನೆಗೇ ಯಾಕೆ ಬೇಕಿತ್ತು ನಿಮಗೆ ಆ ದರಿದ್ರ ಕ್ಯಾಸಿನೊ?"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಿಮ್ಮ ಮಾವ ಟೂರ್ ಹೋಗಿರಲಿಲ್ಲ ಕಣೋ" ಅಂದರು.

ಮಾವ, ಅಂದರೆ ಅತ್ತೆಯ ಯಜಮಾನರು, ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸು. ಆಫೀಸ್ ಕೆಲಸದ ಮೇಲೆ ಹಾಸನಕ್ಕೆ ಟೂರ್ ಹೋಗಿದ್ದಾಗ ಎದೆನೋವು ಬಂದು ಹೋದರು ಅಂತ ನಮಗೆಲ್ಲ ಹೇಳಿದ್ದರು. ಮೂವತ್ತು ಚಿಲ್ಲರೆ ವರ್ಷ ನಾವು ಅದನ್ನೇ ನಂಬಿದ್ದೆವು.

"ಇಸ್ಪೀಟು ಆಡೋಕೆ ಹೋಗಿದ್ರು. ನಮ್ಮ ಬೀದಿ ಕೊನೇಲೇ ಒಂದು ಕ್ಲಬ್ ಇತ್ತು. ಮೊದಲೆಲ್ಲಾ ಅಲ್ಲೇ ಹೋಗ್ತಿದ್ರು. ಊಟಕ್ಕೆ ಹೊತ್ತಾಯ್ತು ಅಂತ ಯಾರ ಕೈಲಾದ್ರೂ ಹೇಳಿಕಳಿಸಿದ್ರೆ ಎಲೆ ಕೆಳಗಿಟ್ಟು ಎದ್ದು ಬರ್ತಿದ್ರು. ಆಮೇಲೆ ನಾನು ಹೆಡ್‌ಮಿಸ್ ಆದೆ ನೋಡು. ಜಂಬ. ಒಂದು ದಿನ ಹೇಳ್ಬಿಟ್ಟೆ, ಆಡೋದೇ ಆದ್ರೆ ನಮ್ಮ ಸ್ಕೂಲ್ ಮಕ್ಕಳ ಅಪ್ಪಂದಿರ ಕಣ್ಣಿಗೆ ಬೀಳದ ಕಡೆ ಹೋಗಿ ಆಡಿ ಅಂತ."

ನಾನು ಕಾರು ಸ್ಟಾರ್ಟ್ ಮಾಡಿರಲಿಲ್ಲ. ಮಾಡಬೇಕೆಂದೂ ತೋಚಲಿಲ್ಲ.

"ಎದುರು ಮಾತಾಡಲಿಲ್ಲ ಅವರು. ಬಸ್ ಹತ್ಕೊಂಡು ಹಾಸನಕ್ಕೆ ಹೋಗೋಕೆ ಶುರು ಮಾಡಿದ್ರು. ನನ್ನ ಹೆಸರು ಕೆಡಬಾರದು ಅಂತ ಅಲ್ಲಿ ತಮ್ಮ ಹೆಸರನ್ನೇ ಬೇರೆ ಹೇಳ್ಕೊಂಡಿದ್ರು. ಆ ಶನಿವಾರ ಆಡ್ತಾ ಆಡ್ತಾ ಎದೆ ಹಿಡ್ಕೊಂಡ್ರಂತೆ. ಪಾಪ, ಒಳ್ಳೆ ಜನಾನೇ, ಆಸ್ಪತ್ರೆಗೆ ಎತ್ಕೊಂಡು ಓಡಿದಾರೆ. ಆದ್ರೆ ಇವರು ಯಾರ ಮನೆಯವರು, ಯಾವ ಊರು, ಒಬ್ರಿಗೂ ಗೊತ್ತಿಲ್ಲ. ನನಗೆ ಸುದ್ದಿ ಮುಟ್ಟಿದ್ದು ಮಂಗಳವಾರ."

ಅತ್ತೆ ಕನ್ನಡಕ ಹಾಕಿಕೊಂಡರು.

"ಶನಿವಾರ ನುಗ್ಗೇಕಾಯಿ ಹುಳಿ ಮಾಡಿದ್ದೆ. ಅವರಿಗೆ ಇಷ್ಟ. ಈಗ ಬರ್ತಾರೆ, ಈಗ ಬರ್ತಾರೆ ಅಂತ ಮಂಗಳವಾರದವರೆಗೂ ಅದನ್ನ ಕುದಿಸಿ ಕುದಿಸಿ ಇಟ್ಟಿದ್ದೆ ಕಣೋ. ಆಡಿದ್ದಕ್ಕೆ ನನಗೆ ಯಾವತ್ತೂ ಕೋಪ ಇಲ್ಲ. ನಾನೇ ಮನೆ ಹತ್ತಿರ ಇರಗೊಡದೆ ಹೋದ್ನಲ್ಲ."

ಆಮೇಲೆ ಕೇಳಿದರು, ಅದೂ ನನ್ನ ಕಡೆ ನೋಡದೆ:

"ನೀನು ಹೋಗ್ತೀಯಲ್ಲ, ಅಲ್ಲಿ ನಿನ್ನ ಹೆಸರು ಗೊತ್ತಾ ಅವರಿಗೆ?"

"ಗೊತ್ತು ಅತ್ತೆ."

"ಮನೆ ನಂಬರು?"

ನಾನು ಕೊಟ್ಟಿದ್ದದ್ದು ಹಳೆಯ ನಂಬರು, ಎಂದೋ ಬಿಟ್ಟುಬಿಟ್ಟದ್ದು. ಸ್ಟೇರಿಂಗ್ ನೋಡುತ್ತಾ ಕೂತೆ.

"ಕೊಟ್ಟಿರು" ಅಂದರು ಅತ್ತೆ. "ನಿನ್ನ ಹೆಂಡತೀದು ಕೊಡೋಕೆ ಭಯ ಆದ್ರೆ ನಂದು ಕೊಡು. ನಾನು ಎಷ್ಟು ಹೊತ್ತಿಗೆ ಆದ್ರೂ ಎತ್ತುತ್ತೀನಿ."

ಹೆಂಡತಿ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಮಾತಾಡಿದ್ದು ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ನಾನು ಆ ಕಡೆ ತಲೆ ಹಾಕಿಲ್ಲ ಅಂತ ಬರೆದರೆ ನಿಮಗೆ ಸಂತೋಷವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಎರಡು ಸಲ ಹೋಗಿದ್ದೇನೆ, ಬಿಳಿ ಪ್ಯಾಂಟು ಹಾಕಿಕೊಳ್ಳದೆ. ಎರಡು ಸಲವೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೇನೆ ಅಂತ ಬಾಯಿಬಿಟ್ಟು ಹೇಳಿ ಹೊರಟಿದ್ದೇನೆ. ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿದಳು. ಅತ್ತೆ ತಿರುಗಿ ನೋಡದೆ, ತರಕಾರಿ ಹೆಚ್ಚುತ್ತಾ, "ಊಟಕ್ಕೆ ಬರ್ತೀಯೇನೋ?" ಅಂತ ಮಾತ್ರ ಕೇಳಿದರು.

"ಬರ್ತೀನಿ ಅತ್ತೆ" ಅಂದೆ.

ಎರಡು ಸಲವೂ ಹುಳಿ ಇನ್ನೂ ಬಿಸಿಯಿರುವಾಗಲೇ ಮನೆ ಮುಟ್ಟಿದ್ದೇನೆ.